ಹಿಂದಕ್ಕೆ ವಾಲಿದ ಸೀಟು ಮತ್ತು ನನ್ನ ತವರು

ನಮ್ಮ ಮನೆತನದಲ್ಲಿ ಆಸ್ತಿಗಾಗಿ ಜಗಳ ಆಗಿಲ್ಲ. ಮದುವೆಯಲ್ಲಿ ಮರ್ಯಾದೆ ಕಡಿಮೆ ಆಯಿತೆಂದೂ ಆಗಿಲ್ಲ. ಆದದ್ದು ಗೇಣು ಜಾಗಕ್ಕಾಗಿ, ಅದೂ ನೆಲದ ಮೇಲಿನದಲ್ಲ, ಮೋಡಗಳ ಮೇಲೆ ತೇಲುತ್ತಿದ್ದ ಯಾರದೋ ವಿಮಾನದ ಒಳಗಿನದು. ಹೇಳಿದರೆ ನಕ್ಕಾರೆಂದು ನಾನು ಕಲಿಸುವ ಶಾಲೆಯ ಟೀಚರುಗಳಿಗೂ ಇದನ್ನು ಹೇಳಿಲ್ಲ.

ನಮ್ಮವರು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ಎಂಥ ಎತ್ತರವೆಂದರೆ, ಯಾರ ಮನೆಗೆ ಹೋದರೂ ‘ಬರ್ರಿ’ ಅನ್ನುವ ಮೊದಲು ‘ಬಗ್ಗರಿ’ ಅನ್ನುತ್ತಾರೆ. ನನ್ನ ತಮ್ಮ ಈರಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನು. ಅವನನ್ನು ದೇವರು ಎತ್ತರಕ್ಕೆ ಬೆಳೆಸುವ ಬದಲು ಅಗಲಕ್ಕೆ ಬೆಳೆಸಿದ. ಈ ಇಬ್ಬರಿಗೂ ಇದ್ದ ಸ್ನೇಹ ನೋಡಿ ನನಗೇ ಹೊಟ್ಟೆಕಿಚ್ಚು. ಈರಣ್ಣ ರಾಣೆಬೆನ್ನೂರಿಗೆ ಬಂದರೆ ಹೋಟೆಲ್ಲಿನತ್ತ ತಿರುಗಿಯೂ ನೋಡದೆ ನಮ್ಮ ಹಿತ್ತಲ ಬಾಗಿಲಿಗೇ ಬಂದು ‘ಅಕ್ಕಾ, ರೊಟ್ಟಿ ಬಡಿ, ಹಸಿವಾಗೇತಿ’ ಅನ್ನುತ್ತಿದ್ದ. ಊಟವಾದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಅಡ್ಡಾಗಿ, ಮೆಣಸಿನಕಾಯಿಯಿಂದ ಹಿಡಿದು ದಿಲ್ಲಿಯ ಸರ್ಕಾರದ ತನಕ ಮಾತಾಡುತ್ತಿದ್ದರು. ಅಕ್ಕನೂ ಹೆಂಡತಿಯೂ ಆದ ನಾನು ಅಲ್ಲಿ ಚಾ ಕೊಡುವವಳಷ್ಟೇ.

ಆಗ ಅಗ್ಗದ ವಿಮಾನಗಳು ಹೊಸದಾಗಿ ಬಂದಿದ್ದವು. ದಸರಾ ರಜೆಯಲ್ಲಿ ಮೂವರೂ ತಾಜಮಹಲು ನೋಡಲು ಹೊರಟೆವು. ಟಿಕೆಟ್ಟು ಅಗ್ಗ ಮಾಡಿದವರು ಅದರ ಸಿಟ್ಟನ್ನು ಸೀಟುಗಳ ಮೇಲೆ ತೀರಿಸಿಕೊಂಡಿದ್ದಾರೆಂದು ಒಳಗೆ ಕೂತಾಗಲೇ ಗೊತ್ತಾದದ್ದು. ನಮ್ಮವರು ಮೊದಲು ಒಂದು ಕಾಲನ್ನು ಒಳಗೆ ಸೇರಿಸಿ, ಇನ್ನೊಂದನ್ನು ಎಲ್ಲಿಡುವುದೆಂದು ನನ್ನ ಮುಖ ನೋಡಿದರು. ಈರಣ್ಣ ಅವರ ಮುಂದಿನ ಸೀಟಿನಲ್ಲಿದ್ದ. ವಿಮಾನ ಮೇಲೇರಿ ನೆಟ್ಟಗಾಗುತ್ತಲೇ ಅವನಿಗೆ ಕೈಯ ಬಳಿ ಒಂದು ಗುಂಡಿ ಸಿಕ್ಕಿತು. ‘ಅಕ್ಕಾ, ನೋಡಿಲ್ಲೆ, ಖುರ್ಚಿ ಹಿಂದ ಹೊಕ್ಕೈತಿ!’ ಎಂದು ಖುಷಿಯಿಂದ ಕೂಗಿ, ಮೈಭಾರವನ್ನೆಲ್ಲ ಬಿಟ್ಟು ಒರಗಿದ.

‘ಈರಣ್ಣಾ, ಸ್ವಲ್ಪ ಮುಂದ ತಗೋಪಾ. ಮಣಕಾಲು ಸಿಕ್ಕಾವು,’ ಎಂದರು ನಮ್ಮವರು.

‘ಗುಂಡಿ ಇಟ್ಟಾರ ಅಂದಮ್ಯಾಲ ಒತ್ತಾಕಂತನ ಇಟ್ಟಾರ ಮಾವಾರ. ನನ್ನ ನಡಾ ಮೊದಲ ನೋಯ್ತೈತಿ.’

‘ನಿನ್ನ ನಡಾ ನನ್ನ ಕಾಲಮ್ಯಾಲ ಇಡಬ್ಯಾಡ.’

‘ಅಷ್ಟು ಉದ್ದ ಕಾಲು ಬೆಳೆಸ್ರಿ ಅಂತ ನಾ ಹೇಳಿದ್ನೇನ್ರಿ?’

ಇಬ್ಬರೂ ನಗುತ್ತಲೇ ಶುರು ಮಾಡಿದ್ದರು. ನಗೆ ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ. ಇವರು ಮೊಣಕಾಲಿನಿಂದ ಸೀಟನ್ನು ಮುಂದಕ್ಕೆ ನೂಕಿದರು, ಅವನು ಬೆನ್ನಿನಿಂದ ಹಿಂದಕ್ಕೆ ನೂಕಿದ. ನಡುವೆ ಚಾದ ಕಪ್ಪು ಉರುಳಿ ನಮ್ಮವರ ಹೊಸ ಪ್ಯಾಂಟಿನ ಮೇಲೆ ಬಿತ್ತು. ಗಗನಸಖಿ ಓಡಿಬಂದು, ‘ನೀವಿಬ್ಬರೂ ಜೊತೆಗೆ ಬಂದವರೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಬ್ಬರೂ ಒಟ್ಟಿಗೇ ‘ನೋ’ ಎಂದರು. ಇಂಗ್ಲಿಷಿನ ಆ ಒಂದು ಶಬ್ದ ಇಬ್ಬರಿಗೂ ಅಷ್ಟು ಚೆನ್ನಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಿಟಕಿಯತ್ತ ಮುಖ ತಿರುಗಿಸಿ ಮೋಡ ನೋಡುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ತಾಜಮಹಲಿನ ಮುಂದೆ ತೆಗೆಸಿದ ಫೋಟೋದಲ್ಲಿ ಒಬ್ಬರು ಆ ತುದಿಗೆ, ಒಬ್ಬರು ಈ ತುದಿಗೆ; ನಡುವೆ ನಾನು, ಸೆರಗು ಬಿಗಿಹಿಡಿದುಕೊಂಡು. ಪ್ರೀತಿಯ ಗೋರಿ ಅಂತ ಗೈಡು ಹೇಳಿದಾಗ ಸರಿಯಾದ ಜಾಗಕ್ಕೇ ಬಂದೆವಲ್ಲ ಅನಿಸಿತು.

ಊರಿಗೆ ಬಂದ ಮೇಲೆ ಹಿತ್ತಲ ಬಾಗಿಲು ತಟ್ಟುವವರಿಲ್ಲವಾದರು. ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಈರಣ್ಣ ಬರಲಿಲ್ಲ. ಉಂಡಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ನಮ್ಮವರು ಒಂದು ತಿಂದು, ‘ಶೇಂಗಾದುಂಡಿ ಚಲೋ ಆಗ್ಯಾವು’ ಎಂದರು. ಯಾರ ಮನೆಯದೆಂದು ನೆನಪಾದದ್ದೇ ತಡ, ಅರ್ಧ ಕಚ್ಚಿದ್ದ ಎರಡನೆಯದನ್ನು ಡಬ್ಬಿಗೆ ವಾಪಸಿಟ್ಟರು. ಮರುವರ್ಷ ಡಬ್ಬಿಯೂ ಬರಲಿಲ್ಲ.

ರಾಜಿಯಾದದ್ದು ಗುತ್ತಲದಲ್ಲಿ, ಸಂಬಂಧಿಕರ ಮದುವೆಯ ಊಟದ ಪಂಕ್ತಿಯಲ್ಲಿ. ಬಡಿಸುವವರಿಗೆ ಇವರ ಸಂಗತಿ ಏನು ಗೊತ್ತು, ಅಕ್ಕಪಕ್ಕ ಕೂರಿಸಿದರು. ಹೋಳಿಗೆ ಬರುವಷ್ಟರಲ್ಲಿ, ತಪ್ಪೆಲ್ಲ ಜನರನ್ನು ಚೀಲದಂತೆ ತುಂಬುವ ಆ ವಿಮಾನದವರದೆಂದು ಇಬ್ಬರೂ ಒಪ್ಪಿದ್ದರು. ತುಪ್ಪ ಬರುವಷ್ಟರಲ್ಲಿ, ‘ಅಕ್ಕ ತಾಜಮಹಲು ಅಂತ ಹಟಾ ಮಾಡದಿದ್ರ ಇದೆಲ್ಲಾ ಆಗತಿದ್ದಿಲ್ಲ ಬಿಡ್ರಿ’ ಎಂಬಲ್ಲಿಗೆ ಬಂದಿತ್ತು. ನಮ್ಮವರು ತಲೆಯಾಡಿಸುತ್ತಿದ್ದುದನ್ನು ಎದುರಿನ ಪಂಕ್ತಿಯಿಂದ ಕಣ್ಣಾರೆ ಕಂಡೆ.

ಈಗ ಈರಣ್ಣ ಬರುತ್ತಾನೆ. ಮೊದಲೇ ಫೋನು ಮಾಡಿ, ಬಾಳೆಹಣ್ಣು ಹಿಡಿದುಕೊಂಡು, ಮುಂಬಾಗಿಲಿನಿಂದ. ‘ಆರಾಮದೀರಿ ಮಾವಾರ?’ ‘ಆರಾಮಪಾ.’ ಚಾ ಕುಡಿದು ಎದ್ದುಬಿಡುತ್ತಾನೆ. ಜಗಳ ಹೋಯಿತು ನಿಜ, ಹೋಗುವಾಗ ಸಲಿಗೆಯನ್ನೂ ಕರೆದುಕೊಂಡು ಹೋಗಿದೆ. ಮೊನ್ನೆ ಇದೇ ಸಂಕಟಕ್ಕೆ, ಈ ಇಬ್ಬರ ಜೊತೆಗೂ ಇನ್ನು ಮಾತೇ ಬೇಡವೆಂದು ನಿರ್ಧರಿಸಿ ಬಾಯಿಗೆ ಬೀಗ ಹಾಕಿಕೊಂಡೆ. ಈರಣ್ಣ ಬಂದು ಹೋದ. ನಮ್ಮವರು ಪೇಪರು ಓದಿದರು, ಊಟ ಮಾಡಿದರು, ಮಲಗೆದ್ದರು. ಕೊನೆಗೆ ತಡೆಯಲಾರದೆ ನಾನೇ ಹೇಳಿದೆ, ‘ನಾ ನಿಮ್ಮ ಜೋಡಿ ಮಾತು ಬಿಟ್ಟೇನಿ.’

ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಹೌದಾ? ಯಾವಾಗಿಂದ?’