ಇಪ್ಪತ್ತೆಂಟು ಕರಡಿಗಳ ಮೇಷ್ಟ್ರು

ಸೋಮವಾರ ಬೆಳಿಗ್ಗೆ ಏಳೂವರೆಗೆ, ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದಕ್ಕೆ ಹಾಕುವ ಮುಂಚೆಯೇ, ನಾಲ್ಕನೇ ತರಗತಿಯ ಮೇಷ್ಟ್ರು ಭೀಷ್ಮ ಪ್ರತಿಜ್ಞೆ ಮಾಡಿಬಿಟ್ಟರು.

“ಈ ತಿಂಗಳು ಮುಗಿಯೋದ್ರೊಳಗೆ ನನ್ನ ಕ್ಲಾಸಿನ ಇಪ್ಪತ್ತೆಂಟು ಮಕ್ಕಳೂ ಬ್ಲಾಗ್ ಬರೀತಾರೆ! ಬರೀದಿದ್ರೆ ನಾನು ಮೇಷ್ಟ್ರೇ ಅಲ್ಲ!”

“ಮೊದಲು ಇನ್ನೊಂದು ಸಾಕ್ಸ್ ಹಾಕ್ಕೊಳ್ಳಿ,” ಅಂದಳು ಹೆಂಡತಿ.

ಮೇಷ್ಟ್ರ ಹೆಂಡತಿಗೆ ಒಂದು ಪ್ರೆಸ್ಸಿನಲ್ಲಿ ಕೆಲಸ. ಅಚ್ಚಿಗೆ ಹೋಗುವ ಮುಂಚೆ ಬರುವ ಕರಡುಗಳನ್ನು ತಿದ್ದುವುದು. ಕೆಂಪು ಪೆನ್ನು ಸದಾ ತುರುಬಿನಲ್ಲೇ ಇರುತ್ತದೆ. ಬಸ್ ಟಿಕೆಟ್ಟಿನ ಹಿಂದಿನ ಅಕ್ಷರವನ್ನೂ ತಿದ್ದಿ ಕಂಡಕ್ಟರಿಗೆ ವಾಪಸ್ ಕೊಟ್ಟ ಹೆಣ್ಣುಮಗಳು ಅವಳು. ಮೇಷ್ಟ್ರು ರಾತ್ರಿ ಊಟವಾದ ಮೇಲೆ ಫೋನಿನಲ್ಲೇ ಕುಟ್ಟಿ ಕುಟ್ಟಿ ಮಕ್ಕಳಿಗಾಗಿ ಒಂದು ಸೂಚನೆಯ ಹಾಳೆ ತಯಾರಿಸಿದ್ದರು. ಬ್ಲಾಗಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿದ್ದ ಗುಂಡಿಗಳಿಗೆಲ್ಲ ಕನ್ನಡದ ಹೆಸರು ಕೊಟ್ಟು, ಮೊದಲು ಯಾವುದು, ಆಮೇಲೆ ಯಾವುದು ಎಂದು ವಿವರಿಸಿದ್ದರು.

“ಆ ಹಾಳೆ ಕೊಡ್ರೀ, ಒಂದ್ಸಲ ಕಣ್ಣಾಡಿಸ್ತೀನಿ.”

“ಇಪ್ಪತ್ತು ವರ್ಷದಿಂದ ಕಾಗುಣಿತ ಕಲಿಸ್ತಾ ಇದೀನಿ ಕಣೇ! ಒಂದು ಹಾಳೆಗೆ ನಿನ್ನ ಕೆಂಪು ಪೆನ್ನು ಬೇಕಾ ನಂಗೆ?”

“ಬೇಡ ಬಿಡಿ. ಕೇಳಿದ್ದೇ ತಪ್ಪಾಯ್ತು.”

ಹಾಳೆ ದೊಡ್ಡದಾಗಿ ಅಚ್ಚಾಯಿತು. ಕಂಪ್ಯೂಟರ್ ಕೋಣೆಯ ಗೋಡೆಗೆ ನಾಲ್ಕೂ ಮೂಲೆಗೆ ಟೇಪು ಹಚ್ಚಿಸಿಕೊಂಡು ರಾಜಶಾಸನದಂತೆ ನಿಂತಿತು.

ಆ ಕಂಪ್ಯೂಟರ್ ಕೋಣೆಯ ಮೇಲೆ ಮುಖ್ಯೋಪಾಧ್ಯಾಯಿನಿಗೆ ಬಹಳ ದಿನದಿಂದ ಕಣ್ಣಿತ್ತು. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಿದ್ದರು. ಮುರಿದ ಬೆಂಚುಗಳನ್ನು ಪೇರಿಸಲು ಅವರಿಗೊಂದು ಜಾಗ ಬೇಕಾಗಿತ್ತು. ಮೇಷ್ಟ್ರು ಗೋಗರೆದ ಮೇಲೆ ಒಂದು ತಿಂಗಳ ಗಡುವು ಕೊಟ್ಟರು.

“ನೀವು ನೋಡದೆ ಮಕ್ಕಳು ಬರೆದಿದ್ದು ಒಂದಕ್ಷರ ಆಚೆ ಹೋಗಬಾರದು. ಹೊರಗಿನಿಂದ ಒಂದೇ ಒಂದು ದೂರು ಬಂತೋ, ಅವತ್ತೇ ಬ್ಲಾಗ್ ಬಂದ್. ಬೆಂಚು ಒಳಗೆ, ನೀವು ಹೊರಗೆ!”

“ದೂರಾ? ಶಹಬ್ಬಾಸ್‌ಗಿರಿ ಬರುತ್ತೆ ನೋಡಿ ಮೇಡಂ!”

ಮೊದಲ ದಿನ ಇಡೀ ಪಾಸ್‌ವರ್ಡ್ ಎಂಬ ಗುಪ್ತಪದಕ್ಕೇ ಹೋಯಿತು. ಯಾರಿಗೂ ಹೇಳಬಾರದು ಎಂದು ಮೇಷ್ಟ್ರು ಹೇಳಿದ್ದೇ ತಡ, “ಸಾರ್, ನಂದು ಬೆಕ್ಕು ಒಂದು ಎರಡು ಮೂರು! ಯಾರಿಗೂ ಹೇಳಲ್ಲ ಸಾರ್!” ಎಂದು ಒಬ್ಬ ಕೂಗಿದ. ಊಟದ ಬಿಡುವಿನ ಹೊತ್ತಿಗೆ ತರಗತಿಯ ಅರ್ಧ ಜನ ಅವನ ಬ್ಲಾಗಿನಲ್ಲಿ ಕೂತು ಬರೆಯುತ್ತಿದ್ದರು. ಇನ್ನೊಬ್ಬಳು ತನ್ನ ಬ್ಲಾಗಿಗೆ “ಅಣ್ಣ ಓದಬಾರದು” ಎಂದು ಹೆಸರಿಟ್ಟಳು. ಅವಳ ಅಣ್ಣನೇ ಮೊದಲು ಓದಿದ.

ಶುರು ಮಾಡುವುದು ಸುಲಭ, ಸಾಕುವುದು ಕಷ್ಟ ಎಂಬ ಸತ್ಯ ಎರಡನೇ ವಾರದಲ್ಲಿ ತಿಳಿಯಿತು. ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಮಂದಿ “ಇವತ್ತು ಏನೂ ಆಗಲಿಲ್ಲ” ಎಂದು ಬರೆದರು. ಮರುದಿನ “ಇವತ್ತೂ ಅಷ್ಟೆ” ಎಂದು ಬರೆದರು.

“ಕಣ್ಣು ಬಿಟ್ಟು ನೋಡ್ರೋ! ಇದೇ ಕೋಣೆಲಿ ಎಷ್ಟು ಕೆಲಸ ನಡೀತಿದೆ! ಅದನ್ನೇ ಬರೀರಿ. ಓದಿದವರು ಬೆಚ್ಚಿಬೀಳಬೇಕು!”

ಮೇಷ್ಟ್ರ ಆಸೆ ಹೀಗೆ ಈಡೇರುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಎರಡನೇ ಸಾಲಿನ ಕಿಟಕಿ ಪಕ್ಕ ಒಬ್ಬ ಹುಡುಗಿ ಕೂರುತ್ತಿದ್ದಳು. ವರ್ಷ ಶುರುವಾದಾಗಿನಿಂದ “ಹಾಜರ್ ಸಾರ್” ಬಿಟ್ಟರೆ ಅವಳ ಬಾಯಿಂದ ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಮಕ್ಕಳೆಲ್ಲ ಮೌನಗೌರಿ ಎಂದು ಕರೆಯುತ್ತಿದ್ದರು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದಳು, ಉತ್ತರ ಬರೆದು ತೋರಿಸುತ್ತಿದ್ದಳು. ಮೇಷ್ಟ್ರಿಗೆ ಬ್ಲಾಗಿನ ಹುಚ್ಚು ಹಿಡಿದದ್ದಕ್ಕೆ ನಿಜವಾದ ಕಾರಣ ಈ ಹುಡುಗಿಯೇ. ಬಾಯಿ ತೆರೆಯದ ಮಗು ಬೆರಳಲ್ಲಾದರೂ ಮಾತಾಡಲಿ ಎಂಬ ಆಸೆ. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ಬುಧವಾರ ಮೌನಗೌರಿ ಬರೆದಳು. ಒಂದಲ್ಲ ಎರಡಲ್ಲ, ಒಂಬತ್ತು ಸಾಲು! ಮೇಷ್ಟ್ರು ಅದನ್ನು ಬಸ್ಸಿನಲ್ಲಿ ನಿಂತುಕೊಂಡು ಫೋನಿನಲ್ಲಿ ಓದಿದರು. ಅರ್ಧಕ್ಕೇ ಕಣ್ಣು ಮಂಜಾಯಿತು. ಎದುರಿಗಿದ್ದದ್ದನ್ನು ಬಿಟ್ಟು ಮನಸ್ಸಿನಲ್ಲಿದ್ದದ್ದನ್ನೇ ಓದಿಕೊಂಡು, “ಭೇಷ್!” ಎಂದು ಗಟ್ಟಿಯಾಗಿ ಹೇಳಿ, ‘ಪ್ರಕಟಿಸಿ’ ಎಂಬ ಗುಂಡಿ ಒತ್ತಿಬಿಟ್ಟರು. ಜಗತ್ತು ಓದಿದ್ದು ಇದು:

“ನಮ್ಮ ತರಗತಿಯಲ್ಲಿ ಇಪ್ಪತ್ತೆಂಟು ಕರಡಿಗಳಿವೆ. ಎಲ್ಲವೂ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಕರಡಿ. ಮೇಷ್ಟ್ರು ನೋಡದೆ ಯಾವ ಕರಡಿಯನ್ನೂ ಹೊರಗೆ ಬಿಡುವುದಿಲ್ಲ. ಕರಡಿ ಉದ್ದವಾದರೆ ಕತ್ತರಿಸುತ್ತಾರೆ. ನಿನ್ನೆ ಕರೆಂಟು ಹೋಗಿ ಆರು ಕರಡಿಗಳು ಕಾಣೆಯಾದವು. ಇನ್ನೂ ಸಿಕ್ಕಿಲ್ಲ. ನನ್ನ ಕರಡಿ ತುಂಬಾ ಚಿಕ್ಕದು. ಅದಕ್ಕೆ ತಲೆ ಇದೆ, ಬಾಲ ಇಲ್ಲ ಎಂದು ಮೇಷ್ಟ್ರು ಹೇಳಿದರು.”

ಗುರುವಾರ ಬೆಳಿಗ್ಗೆ ಮೇಷ್ಟ್ರು ಹಾಜರಿ ಮುಗಿಸುವಷ್ಟರಲ್ಲಿ ದೊಡ್ಡ ಮೇಡಂ ಅವರ ಫೋನು ಹನ್ನೊಂದು ಸಲ ಬಡಿದುಕೊಂಡಿತ್ತು. ಒಬ್ಬ ತಾಯಿ, “ನಮ್ಮ ಹುಡುಗನ ಪಾಲಿಗೆ ಬಂದಿರೋ ಕರಡಿ ಕಚ್ಚೋದಿಲ್ಲ ತಾನೆ?” ಎಂದು ಕೇಳಿದರು. ಒಬ್ಬ ತಾತ, “ಕಾಣೆಯಾದ ಆರರಲ್ಲಿ ಒಂದು ನಮ್ಮ ಹಿತ್ತಲಲ್ಲಿದೆ, ಬೇಗ ಬನ್ನಿ” ಅಂದರು. ಹೋಗಿ ನೋಡಿದರೆ ಅದು ಪಕ್ಕದ ಮನೆಯವರು ಒಣಹಾಕಿದ್ದ ಕಂಬಳಿ. ಯಾರೋ ಪುಣ್ಯಾತ್ಮರು ನೇರವಾಗಿ ಅರಣ್ಯ ಇಲಾಖೆಗೇ ಫೋನು ಮಾಡಿದ್ದರು.

ಎರಡನೇ ಪೀರಿಯಡ್ಡಿಗೆ ಜೀಪು ಬಂತು. ಬಲೆ, ಬೋನು ಹಿಡಿದ ಇಬ್ಬರು ಕಾವಲುಗಾರರು, ನಿದ್ದೆಯ ಸೂಜಿ ಹಾರಿಸುವ ಕೋವಿ ಹಿಡಿದ ಪ್ರಾಣಿವೈದ್ಯರು ಗೇಟಿನ ಹಿಂದೆ ಅಡಗಿ ಕೂತರು. ಮಕ್ಕಳು ಹೆದರಬಾರದೆಂದು ಅಧಿಕಾರಿ ಒಬ್ಬರೇ ಸಾದಾ ಉಡುಪಿನಲ್ಲಿ ಒಳಗೆ ಬಂದರು. “ಮಕ್ಕಳ ಮುಂದೆ ಆ ಪ್ರಾಣಿ ಹೆಸರು ಮಾತ್ರ ಎತ್ತಬೇಡಿ” ಎಂದು ದೊಡ್ಡ ಮೇಡಂ ಕೈಮುಗಿದು ಕೇಳಿಕೊಂಡಿದ್ದರು.

“ಇಲಾಖೆಯಿಂದ ಬಂದಿದೀನಿ,” ಅಂದರು ಅಧಿಕಾರಿ.

ಮೇಷ್ಟ್ರ ಪ್ರಪಂಚದಲ್ಲಿ ಇರುವುದು ಒಂದೇ ಇಲಾಖೆ, ಶಿಕ್ಷಣ ಇಲಾಖೆ. ಬ್ಲಾಗಿನ ಕೀರ್ತಿ ಅಲ್ಲಿಯವರೆಗೂ ಹಬ್ಬಿತಲ್ಲ ಎಂದು ಅವರ ಎದೆ ಎರಡಂಗುಲ ಉಬ್ಬಿತು.

“ಬನ್ನಿ ಸಾರ್, ಬನ್ನಿ!”

“ಅವು ಎಷ್ಟಿವೆ?” ಅಧಿಕಾರಿ ದನಿ ತಗ್ಗಿಸಿ ಕೇಳಿದರು.

“ಇಪ್ಪತ್ತೆಂಟು ಸಾರ್! ತಲೆಗೊಂದು!”

“ಮಕ್ಕಳ ಕೈಗೇ ಕೊಟ್ಟಿದೀರಾ?”

“ಮತ್ತೆ? ಮುಟ್ಟದೆ ಪಳಗೋದು ಹೇಗೆ ಸಾರ್? ಮೊದಮೊದಲು ಹೆದರ್ತಿದ್ರು. ಈಗ ಬಿಡಿಸ್ಕೊಳ್ಳೋದೇ ಕಷ್ಟ!”

“ಆರು ಕಾಣೆಯಾಗಿವೆಯಂತೆ?”

“ಅಯ್ಯೋ, ಅದೇನು ಮಹಾ ಬಿಡಿ! ಕರೆಂಟ್ ಹೋಯ್ತು, ಅವೂ ಹೋದವು. ಸಿಗದಿದ್ರೆ ಮಕ್ಕಳು ಹೊಸದು ಮಾಡ್ಕೊಳ್ತಾರೆ.”

ಅಧಿಕಾರಿಯ ಪೆನ್ನು ನಿಂತಿತು. “ಮಕ್ಕಳು... ಮಾಡ್ಕೊಳ್ತಾರಾ?”

“ಅರ್ಧ ಗಂಟೇಲಿ ಸಾರ್!”

“ಕತ್ತರಿಸ್ತೀರಿ ಅಂತಾನೂ ಸುದ್ದಿ ಇದೆ.”

“ಉದ್ದ ಆದ್ರೆ ಕತ್ತರಿಸ್ಲೇಬೇಕಲ್ಲ! ಇದರಲ್ಲಿ ಕರುಣೆ ತೋರಿಸಬಾರದು ಸಾರ್. ನಂದೇನಿದೆ, ನೀವು ನನ್ನ ಹೆಂಡತೀನ ನೋಡ್ಬೇಕು. ದಿನಕ್ಕೆ ಐವತ್ತು ಬರ್ತವೆ ಅವಳ ಟೇಬಲ್ಲಿಗೆ. ಒಂದನ್ನೂ ಬಿಡಲ್ಲ, ಎಲ್ಲಾ ಕೆಂಪು ಕೆಂಪು ಮಾಡಿ ಕಳಿಸ್ತಾಳೆ!”

“ಎಲ್ಲಿ ನಡೆಯುತ್ತೆ ಇದು?”

“ಹಿಂದಿನ ಬೀದಿ ಪ್ರೆಸ್ಸಿನ ಮಹಡಿ ಮೇಲೆ. ಹದಿನಾರು ವರ್ಷದಿಂದ!”

ಇಪ್ಪತ್ತು ನಿಮಿಷದಲ್ಲಿ ಜೀಪು ಹೋಗಿ ವಾಪಸ್ ಬಂತು. ಹಿಂದಿನ ಸೀಟಿನಲ್ಲಿ, ಇಬ್ಬರು ಕಾವಲುಗಾರರ ಮಧ್ಯೆ, ತುರುಬಿನಲ್ಲಿ ಕೆಂಪು ಪೆನ್ನು, ಕೈಯಲ್ಲಿ ಬೀಜಗಣಿತದ ಗೈಡಿನ ಅರ್ಧ ತಿದ್ದಿದ ಪುಟ ಹಿಡಿದು ಮೇಷ್ಟ್ರ ಹೆಂಡತಿ ಕೂತಿದ್ದಳು.

“ರೀ! ನಾನು ಐವತ್ತು ಏನನ್ನ ಕೊಂದೆ ಅಂತ ಹೇಳಿದ್ರಿ ಇವರಿಗೆ?”

ದೊಡ್ಡ ಮೇಡಂ ತಮ್ಮ ಫೋನನ್ನು ಅವಳ ಮುಂದೆ ಹಿಡಿದರು. ಅವಳು ಒಂಬತ್ತು ಸಾಲನ್ನೂ ಓದಿದಳು. ತುಟಿ ಬಿಗಿಹಿಡಿದಳು. ಆದರೂ ನಗು ಮೂಗಿನಿಂದ ಬಂದುಬಿಟ್ಟಿತು.

“ಇಲ್ಲಿ ಯಾವ ಪ್ರಾಣೀನೂ ಇಲ್ಲ ಸಾರ್. ಕೊಂಬು ಬಿದ್ದುಹೋಗಿದೆ, ಅಷ್ಟೆ.”

“ಕರಡಿಗೆ ಕೊಂಬು ಎಲ್ಲಿರುತ್ತಮ್ಮಾ?” ಅಂದರು ಅಧಿಕಾರಿ.

“ಅದೇ ಸಾರ್ ನಾನೂ ಹೇಳ್ತಿರೋದು! ಕೊಂಬು ಇದ್ದಿದ್ರೆ ಕರಡು. ಮಕ್ಕಳು ಬರೆದು, ಮೇಷ್ಟ್ರು ತಿದ್ದೋ ಬರಹ. ಕೊಂಬು ಹೋಗಿ ಗುಡಿಸು ಬಂದಿದ್ದಕ್ಕೆ ಕರಡಿ ಆಗಿದೆ.”

“ಹಾಗಾದ್ರೆ ಗುಡಿಸೋದು ಯಾರ ಕೆಲಸ?” ಎಂದು ಗೇಟಿನಿಂದ ಕೋವಿ ಹಿಡಿದೇ ಬಂದಿದ್ದ ವೈದ್ಯರು ಹಿಂದಿನಿಂದ ಕೇಳಿದರು. ಅಧಿಕಾರಿ ಅವರತ್ತ ತಿರುಗಿ ಒಮ್ಮೆ ನೋಡಿದ ಮೇಲೆ ವೈದ್ಯರು ಕೋವಿಯನ್ನು ಚೀಲಕ್ಕೆ ಹಾಕಿದರು.

ಆದರೆ ದೊಡ್ಡ ಮೇಡಂ ನಗಲಿಲ್ಲ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು ಇಪ್ಪತ್ತೆಂಟು ಮುಖಗಳನ್ನೂ ನೋಡಿದರು.

“ಒಂದು ದೂರು ಅಂದಿದ್ದೆ, ಹನ್ನೊಂದು ಬಂದಿದೆ. ಇವತ್ತಿಗೆ ಬ್ಲಾಗ್ ಬಂದ್. ಇದನ್ನ ಬರೆದಿದ್ದು ಯಾರು?”

ಮೌನಗೌರಿ ಎದ್ದು ನಿಂತಳು. ಈ ಹೊತ್ತಿನಲ್ಲಿ ಮೇಷ್ಟ್ರು ಏನು ಮಾಡಬೇಕಿತ್ತು? ಮಗುವಿನ ಮುಂದೆ ಅಡ್ಡ ನಿಲ್ಲಬೇಕಿತ್ತು. ನಿಂತರೇ? ಇಲ್ಲ. ಬೆವರು ಒರೆಸಿಕೊಂಡು ಹಲ್ಲುಕಿರಿದರು.

“ಚಿಕ್ಕ ಮಗು ಮೇಡಂ... ಕಾಗುಣಿತ ಇನ್ನೂ ಗಟ್ಟಿಯಾಗಿಲ್ಲ. ಏನೋ ತಪ್ಪು ಬರೆದುಬಿಟ್ಟಿದೆ.”

“ನಾನು ತಪ್ಪು ಬರೆದಿಲ್ಲ.”

ಯಾರ ದನಿ ಎಂದು ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರಿಗೂ ಒಂದು ಕ್ಷಣ ಗೊತ್ತಾಗಲಿಲ್ಲ.

“ಗೋಡೆ ಮೇಲೆ ಹಾಗೇ ಇದೆ. ನಾನು ನೋಡ್ಕೊಂಡು ಬರೆದೆ,” ಅಂದಳು ಮೌನಗೌರಿ.

“ಕರಡಿ ಅಂದ್ರೆ ಪ್ರಾಣಿ ಅಂತ ಗೊತ್ತಿರಲಿಲ್ವೇನಮ್ಮಾ?” ಅಂದರು ದೊಡ್ಡ ಮೇಡಂ.

“ಗೊತ್ತಿತ್ತು. ಆದ್ರೆ ಕಂಪ್ಯೂಟರಲ್ಲಿ ಇಲಿ ಇದೆಯಲ್ಲ ಮೇಡಂ? ಕರಡೀನೂ ಇರುತ್ತೆ ಅಂದ್ಕೊಂಡೆ.”

ಎಲ್ಲರ ಕಣ್ಣೂ ಗೋಡೆಗೆ ಹೋಯಿತು. ಬೆರಳುದ್ದದ ಅಕ್ಷರ! “ಮೊದಲು ಕರಡಿ. ಕರಡಿಯನ್ನು ಮೇಷ್ಟ್ರಿಗೆ ತೋರಿಸಿ. ತೋರಿಸದೆ ಕರಡಿಯನ್ನು ಹೊರಗೆ ಬಿಡಬೇಡಿ.” ಮೇಷ್ಟ್ರು ಕರಡ ಎಂದು ಕುಟ್ಟುವಷ್ಟರಲ್ಲಿ ಫೋನು ತಾನೇ ಮುಂದೆ ಬಂದು ಕರಡಿಯನ್ನು ಕೊಟ್ಟಿತ್ತು. ಮೇಷ್ಟ್ರು ಧಾರಾಳವಾಗಿ ಸ್ವೀಕರಿಸಿದ್ದರು. ಒಂದು ಸಲವಲ್ಲ, ಒಂಬತ್ತು ಸಲ! ಹೆಂಡತಿ ತುರುಬಿನಿಂದ ಪೆನ್ನು ತೆಗೆದು ಒಂದೊಂದಕ್ಕೂ ಸುತ್ತು ಹಾಕುತ್ತಾ ಹೋದಳು. ಕೊನೆಯ ಸುತ್ತು ಮುಗಿಸಿ ಅಧಿಕಾರಿಯ ಕಡೆ ತಿರುಗಿದಳು.

“ಕೊಂಬು ಎಲ್ಲಿ ಹೋಗಿತ್ತು ಅಂತ ಈಗ ಗೊತ್ತಾಯ್ತು ಸಾರ್. ಒಂಬತ್ತೂ ಇವರ ತಲೆ ಮೇಲಿದೆ.”

ಅಧಿಕಾರಿ, ಕಾವಲುಗಾರರು, ವೈದ್ಯರು, ಇಪ್ಪತ್ತೇಳು ಮಕ್ಕಳು ಎಲ್ಲರೂ ನಕ್ಕರು. ಮೇಷ್ಟ್ರಿಗೆ ನಗು ಬರಲಿಲ್ಲ. ತಪ್ಪು ಬರೆದದ್ದಕ್ಕಿಂತ ಅದನ್ನು ಮಗುವಿನ ತಲೆಗೆ ಕಟ್ಟಲು ಹೊರಟದ್ದಕ್ಕೆ ಅವರಿಗೆ ಹೆಚ್ಚು ನಾಚಿಕೆಯಾಯಿತು. ಮೌನಗೌರಿ ಇನ್ನೂ ನಿಂತೇ ಇದ್ದಳು.

“ಮೇಡಂ, ಬೆಂಚು ಬೇಕಾದ್ರೆ ನನ್ನ ಮನೇಲಿ ಇಡಿಸ್ತೀನಿ. ಈ ಮಗು ಬರೆಯೋದನ್ನ ಮಾತ್ರ ನಿಲ್ಲಿಸ್ಬೇಡಿ,” ಅಂದರು ಮೇಷ್ಟ್ರು.

“ನಮ್ಮ ಮನೇಲಾ!” ಅಂದಳು ಹೆಂಡತಿ.

ದೊಡ್ಡ ಮೇಡಂ ಹುಡುಗಿಯನ್ನು ನೋಡಿದರು, ಗೋಡೆಯನ್ನು ನೋಡಿದರು, ಕೊನೆಗೆ ಮೇಷ್ಟ್ರನ್ನು ನೋಡಿದರು.

“ದೂರು ಬಂದಿದ್ದು ಮಕ್ಕಳ ಮೇಲಲ್ಲ, ನಿಮ್ಮ ಮೇಲೆ. ಬ್ಲಾಗ್ ನಡೀಲಿ. ಆದ್ರೆ ಇವತ್ತಿಂದ ಮಕ್ಕಳ ಕರಡು ನೀವು ನೋಡಿ. ನಿಮ್ಮ ಕರಡನ್ನ ಈ ಹುಡುಗಿ ನೋಡ್ತಾಳೆ. ಅವಳು ಒಪ್ಪದೆ ನಿಮ್ಮದೊಂದು ಅಕ್ಷರ ಆಚೆ ಹೋಗಬಾರದು. ಮೊದಲು ಊರಿನ ಜನಕ್ಕೆ ಒಂದು ಕ್ಷಮಾಪಣೆ ಬರೀರಿ.”

ಮಧ್ಯಾಹ್ನ ಮಕ್ಕಳ ಜೊತೆ ಕೂತು ಮೇಷ್ಟ್ರು ಬರೆದರು. ಇಪ್ಪತ್ತು ವರ್ಷದ ಸೇವೆ, ತಂತ್ರಜ್ಞಾನದ ಸವಾಲುಗಳು, ಅಕ್ಷರ ಬದಲಿಸಿದ ಫೋನಿನ ಮಿತ್ರದ್ರೋಹ, ಎಲ್ಲವನ್ನೂ ಸೇರಿಸಿ ನಾಲ್ಕು ಪುಟ. ಹತ್ತು ನಿಮಿಷದಲ್ಲಿ ವಾಪಸ್ ಬಂತು. ಕೆಳಗೆ ಮೌನಗೌರಿಯ ಷರಾ: “ಸಾರ್, ಎರಡು ಸಲ ಓದಿದೆ. ಕ್ಷಮೆ ಎಲ್ಲಿದೆ ಎಂದು ಸಿಗಲಿಲ್ಲ.”

ಮೇಷ್ಟ್ರು ತಲೆ ಕೆರೆದುಕೊಂಡರು. ಎಲ್ಲ ಅಳಿಸಿದರು. ಒಂದೊಂದೇ ಅಕ್ಷರವನ್ನು ಕೈಯಾರೆ ಒತ್ತಿ, ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಮುಟ್ಟಿ ನೋಡಿ, ಒಂದೇ ಒಂದು ಸಾಲು ಬರೆದರು: “ತಪ್ಪು ನನ್ನದು, ಮಗುವಿನದಲ್ಲ. ಕ್ಷಮಿಸಿ.” ಕಳಿಸಿ, ಎದೆ ಹಗುರಾಗಿ, ಇನ್ನು ಯಾರೂ ಬೆರಳು ತೋರಿಸುವ ಹಾಗಿಲ್ಲ ಎಂದು ಕುರ್ಚಿಗೆ ಒರಗಿದರು.

ಎರಡನೇ ಸಾಲಿನ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ಪಕ್ಕದ ಐದನೇ ತರಗತಿಗೂ ಕೇಳುವಂತೆ ಕೂಗಿದಳು:

“ಸಾರ್! ‘ನನ್ನದು’ ಅಂತ ಬರೆದಿದೀರಿ, ಕೆಳಗೆ ಹೆಸರೇ ಹಾಕಿಲ್ಲ!”