ಬೆನ್ನ ಹಿಂದಿನ ಕೀಲಿಮಣೆ

ಲ್ಯಾಪ್‌ಟಾಪನ್ನು ಹಿಂದಕ್ಕೆ ಮಡಚಿ, ಕೀಲಿಗಳೆಲ್ಲ ಬೆನ್ನ ಕಡೆ ಹೋದ ಮೇಲೆ, ಆ ಬೆನ್ನ ಮೇಲೆಯೇ ಟೈಪ್ ಆಗಬೇಕು ಎಂದು ಹಟ ಹಿಡಿಯುವವಳು ಈ ಜಗತ್ತಿನಲ್ಲಿ ಒಬ್ಬಳೇ ಇರಬೇಕು. ಅವಳು ಬನಹಟ್ಟಿಯಲ್ಲಿದ್ದಾಳೆ, ಮತ್ತು ನನ್ನ ಪುಣ್ಯಕ್ಕೆ ನನ್ನ ಸೋದರತ್ತಿ!

ಅತ್ತಿ ಟೈಪಿಂಗ್ ಕ್ಲಾಸಿನ ಮೇಡಂ ಆಗಿದ್ದವಳು. ಹೊರಗೆ ಓಣಿ ತುಂಬ ಮಗ್ಗಗಳ ಸದ್ದು, ಒಳಗೆ ಇವಳ ಮಷಿನ್‌ಗಳ ಟಕಟಕ. ಅಷ್ಟು ಗದ್ದಲದಲ್ಲೂ ಮೂಲೆಯ ಹುಡುಗ ಹೊಡೆದ ಒಂದು ತಪ್ಪು ಅಕ್ಷರ ಇವಳ ಕಿವಿಗೆ ಬೀಳುತ್ತಿತ್ತಂತೆ. ಕೀಲಿ ನೋಡಿ ಟೈಪ್ ಮಾಡುವುದು ಅವಳ ರಾಜ್ಯದಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ತಲೆ ಬಗ್ಗಿಸಿದವರ ಬೆರಳ ಗೆಣ್ಣಿಗೆ ಫೂಟ್‌ಪಟ್ಟಿ ಬಿತ್ತೆಂದೇ ಲೆಕ್ಕ.

ಆ ಏಟನ್ನು ಎಲ್ಲರಿಗಿಂತ ಹೆಚ್ಚು ತಿಂದವರು ರಬಕವಿಯ ಬಟ್ಟೆ ಅಂಗಡಿಯವರ ಮಗ. ಪರೀಕ್ಷೆಯೇನೋ ಪಾಸಾಯಿತು. ಪಾಸಾದವರು ಕ್ಲಾಸು ಬಿಡಬೇಕೋ ಬೇಡವೋ? ಈ ಮಹಾಶಯರು ಬಿಡಲಿಲ್ಲ. ಬಿಡದೇ ಬಂದು ಬಂದು ಕೊನೆಗೆ ನನಗೆ ಮಾಮಾ ಆದರು.

ಮಾಮಾ ಮಾತಿನ ಮಲ್ಲ. ಅಂಗಡಿಯಲ್ಲಿ ಅವರು ಒಂದು ಸೀರೆ ಬಿಚ್ಚಿದರೆ ಮಾತು ಹತ್ತು ಸೀರೆಯಷ್ಟು ಉದ್ದ. ಅತ್ತಿ ದಿನವಿಡೀ "ಸಾಕ ಮಾಡ್ರಿ" ಎನ್ನುತ್ತಿದ್ದಳು. ಹೋದ ದೀಪಾವಳಿಯ ಹೊತ್ತಿಗೆ ಲಕ್ವಾ ಹೊಡೆದು ಮಾಮಾನ ಮಾತು ನಿಂತೇ ಹೋಯಿತು. ಬಲಗೈ ಹೋಯಿತು, ಎಡಗೈ ಉಳಿಯಿತು. ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಲಿಕ್ಕೆ ಬರುವುದಿಲ್ಲ. ಅಂದಿನಿಂದ ಅತ್ತಿಗೆ ಒಂದೇ ಹಂಬಲ, ಆ ಮನುಷ್ಯನಿಂದ ಒಂದು ಮಾತು ಬರಬೇಕು. ಬಾಯಿಂದ ಬಾರದಿದ್ದರೆ ಬೆರಳಿನಿಂದ ಬರಲಿ.

ಅದಕ್ಕೇ ನಾನು ಜಾಣನಂತೆ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್ ಕೊಡಿಸಿದೆ. ಮಡಚಿದರೆ ಟ್ಯಾಬ್ಲೆಟ್, ಮಲಗಿದವರ ಕೈಗೆ ಹಗುರ, ಸ್ಕ್ರೀನಿನ ಮೇಲೆಯೇ ಅಕ್ಷರ ಮೂಡುತ್ತವೆ, ಮುಟ್ಟಿದರೆ ಸಾಕು ಎಂದು ಭಾಷಣವನ್ನೂ ಮಾಡಿದೆ. ಮಾಮಾ ಅದನ್ನು ತೆಗೆದುಕೊಂಡರು, ಎಡಗೈ ಇಟ್ಟರು, ಮತ್ತು ಮುಖವೆತ್ತಿ ಗೋಡೆ ನೋಡತೊಡಗಿದರು! ಕೆಳಗೆ ನೋಡ್ರಿ ಎಂದು ನಾನು ಎಷ್ಟು ಗೋಗರೆದರೂ ಕಣ್ಣು ಇಳಿಯಲಿಲ್ಲ. ಗೆಣ್ಣಿನ ಮೇಲಿನ ಏಟು ಅಷ್ಟು ವರ್ಷ ಕೆಲಸ ಮಾಡುತ್ತದೆಂದು ಯಾರಿಗೆ ಗೊತ್ತಿತ್ತು? ನುಣ್ಣಗಿನ ಗಾಜಿನಲ್ಲಿ ಯಾವ ಕೀಲಿ ಎಲ್ಲಿದೆಯೆಂದು ಬೆರಳಿಗೆ ತಿಳಿಯುವುದಾದರೂ ಹೇಗೆ? ಸ್ಕ್ರೀನ್ ತುಂಬ 'ಕಕಕಕ' ಎಂದು ಕಾಗೆ ಕೂಗಿತು, ಅಷ್ಟೇ.

ಸರಿ, ಮಡಚುವುದೇ ಬೇಡ ಎಂದು ಲ್ಯಾಪ್‌ಟಾಪನ್ನು ನೆಟ್ಟಗೆ ಬಿಚ್ಚಿ, ಹಳೆಯ ಟೈಪ್‌ರೈಟರಿನ ಕ್ರಮದಲ್ಲೇ ಕನ್ನಡ ಅಕ್ಷರ ಕೂಡಿಸಿದೆ. ಹೇಗಿದೆಯೆಂದು ಮೊದಲು ಅತ್ತಿ ಪರೀಕ್ಷೆ ಮಾಡಿದಳು. ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಎಡಗೈಯಿಂದ ಮೇಲಿನ ಹಿಡಿಕೆ ತಳ್ಳಬೇಕಲ್ಲ, ಇವಳು ಪ್ರತಿ ಸಾಲಿಗೂ ಸ್ಕ್ರೀನನ್ನು ತಳ್ಳಿದಳು. ಸಾಲಿಗಿಷ್ಟರಂತೆ ವಾಲುತ್ತ ವಾಲುತ್ತ ಅದು ಅಂಗಾತ ಮಲಗಿತು! ಮಾಮಾನ ಅರ್ಧ ಮುಖ ನಕ್ಕಿತು. ಆ ಅರ್ಧ ನಗುವಿಗೆ ಅತ್ತಿ ಮತ್ತೆ ಮೂರು ಸಲ ತಳ್ಳಿ ತೋರಿಸಿದಳು.

ಆದರೆ ಮಾಮಾನ ಸರದಿ ಬಂದಾಗ ನಗು ಉಳಿಯಲಿಲ್ಲ. ಬೆರಳು ಕೀಲಿಗಳನ್ನು ಗುರುತಿಸಿತು, ಖರೆ. ಎರಡು ಅಕ್ಷರ ಸರಿಯಾಗಿ ಬಿದ್ದವು, ಮೂರನೆಯದು ತಪ್ಪಿತು. ಎದುರಿಗೇ ಸ್ಕ್ರೀನ್, ಅವರು ಅದನ್ನು ಕಂಡರು. ಕಣ್ಣು ತುಂಬಿ ಬಂತು, ಕೈ ಹಿಂದೆ ಹೋಯಿತು. ಮರುದಿನವೂ ಹಾಗೇ ಆಯಿತು. ಅದನ್ನು ನೋಡುವುದು ಬಹಳ ಕಷ್ಟ.

ಆಗ ಶುರುವಾಯಿತು ಅತ್ತಿಯ ಬೆನ್ನಿನ ಹಟ. ಮುಧೋಳದ ನನ್ನ ಆಫೀಸಿಗೆ ಫೋನು ಮಾಡಿ ಅಪ್ಪಣೆ ಕೊಟ್ಟಳು.

"ತಪ್ಪು ಕಂಡ್ರ ಕೈ ನಿಲ್ತೈತಿ ತಮ್ಮಾ. ಕ್ಲಾಸಿನ್ಯಾಗ ಪುಟ ಮುಗಿಯೂತನಕ ನಾ ಯಾರಿಗೂ ತಮ್ಮ ತಪ್ಪು ನೋಡಾಕ ಬಿಡ್ತಿದ್ದಿಲ್ಲ. ಕೀಲಿ ಅವರ ಕಡೆ ಇರ್ಲಿ, ಸ್ಕ್ರೀನ್ ನನ್ನ ಕಡೆ ಇರ್ಲಿ."

ಮಡಚಿ ಡೇರೆಯ ಹಾಗೆ ನಿಲ್ಲಿಸಿದರೆ ಹಾಗೇ ಆಗುತ್ತದೆ. ಆದರೆ ಮಡಚಿದ ಕೂಡಲೇ ಕೀಲಿಗಳು ಸತ್ತು ಬೀಳುತ್ತವೆ. ಜಮಖಂಡಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಹಿಡಿದಾಗ ಬೆರಳು ತಾಗಿ ಸುಮ್ಮಸುಮ್ಮನೆ ಅಕ್ಷರ ಬೀಳಬಾರದೆಂದು ಅದು ತಾನೇ ಕೀಲಿ ಬಂದ್ ಮಾಡಿಕೊಳ್ಳುತ್ತದೆ, ಅದೇ ಇದರ ಜಾಣತನ ಎಂದು ಅಂಗಡಿಯವರು ವಿವರಿಸಿದರು. ಅತ್ತಿ ಶಾಂತವಾಗಿ ಕೇಳಿ, "ಇಷ್ಟು ಜಾಣ ಇರೂದು ಬ್ಯಾಡ್ರಿ. ಸ್ವಲ್ಪ ದಡ್ಡ ಮಾಡಿಕೊಡ್ರಿ" ಎಂದಳು.

ಅವರು ಕೈಮುಗಿದರು. ದಡ್ಡ ಮಾಡುವ ಕೆಲಸ ನನ್ನ ತಲೆಗೆ ಬಂತು. ಆ ರವಿವಾರ ಬನಹಟ್ಟಿಯಲ್ಲಿ ಕೂತು ಕಂಡಕಂಡ ಸೆಟ್ಟಿಂಗ್ ಎಲ್ಲ ಕೆದಕಿ, ತಾನು ಮಡಚಿಕೊಂಡಿದ್ದೇನೆಂದು ಆ ಯಂತ್ರಕ್ಕೆ ತಿಳಿಸುವುದನ್ನೇ ಬಂದ್ ಮಾಡಿದೆ. ಸ್ಕ್ರೀನ್ ತಲೆಕೆಳಗಾಯಿತು. ಅದನ್ನೂ ತಿರುಗಿಸಿದೆ. ಹಿಂದೆ ಒಂದು ಕೀಲಿ ಒತ್ತಿದೆ, ಮುಂದೆ ಅಕ್ಷರ ಬಿತ್ತು!

ಮಾಮಾನ ಹೊಟ್ಟೆಯ ಮೇಲೆ ತಲೆದಿಂಬು, ಅದರ ಮೇಲೆ ಡೇರೆ. ಅತ್ತಿ ಕಾಲ ಕಡೆ ಕೂತು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು. ಮಾಮಾ ಗೋಡೆ ನೋಡುತ್ತ ಒತ್ತತೊಡಗಿದರು. ತಪ್ಪುಗಳಿಗೇನು ಕಡಿಮೆಯೇ? ಅತ್ತಿ ಒಂದನ್ನೂ ಹೇಳಲಿಲ್ಲ. ನನ್ನ ಕಡೆ ನೋಡಿ, ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿದಳು. ಬಹಳ ಹೊತ್ತಿನ ಮೇಲೆ ಮಾಮಾನ ಕೈ ತಾನಾಗಿ ನಿಂತಿತು. ನಾನು ಬಗ್ಗಿ ನೋಡಿದೆ. ಅಡ್ಡಾದಿಡ್ಡಿ ಅಕ್ಷರಗಳ ನಡುವೆ ಒಂದು ಸಾಲು ಇತ್ತು: "ಚಾದಾಗ ಸಕ್ರಿ ಇಲ್ಲ."

ಇಷ್ಟು ತಿಂಗಳ ಮೇಲೆ ಬಂದ ಮಾತು ಇದು! ನಾನು ನಕ್ಕುಬಿಟ್ಟೆ. ಅತ್ತಿ ನಗಲಿಲ್ಲ. "ಛಲೋ ಹೊಡದೀರಿ" ಎಂದು ಮಾಮಾನಿಗೆ ಹೇಳಿ ಎದ್ದು ಹೋದಳು.

ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಅಡಿಗೆಮನೆಗೆ ಹೋದೆ. ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದಳು, ಕೆನ್ನೆ ತೊಯ್ದಿತ್ತು. ಸಕ್ಕರೆ ಬೇಡವೆಂದು ಡಾಕ್ಟರ್ ಹೇಳಿದ್ದನ್ನು ಮೆಲ್ಲಗೆ ನೆನಪಿಸಿದೆ.

"ಹೌದಪಾ, ಅವರು ಬ್ಯಾಡ ಅಂದಾರ" ಎಂದಳು. "ಆದ್ರ ಇವರು ಬಾಯಿಬಿಟ್ಟು ಕೇಳ್ಯಾರಲ್ಲೋ."

ಕಣ್ಣು ಒರೆಸಿಕೊಳ್ಳದೇ ಒಂದು ಚಮಚ ತುಂಬಿ ಸುರಿದಳು. ಸಕ್ಕರೆ ಅರ್ಧ ಕಪ್ಪಿನಲ್ಲಿ ಬಿತ್ತು, ಅರ್ಧ ಕಟ್ಟೆಯ ಮೇಲೆ.