ರೆಫ್ರಿಯ ಕಣ್ಣಿಗೊಂದು ಮಸೂರ

ಭಾನುವಾರದ ಫುಟ್‌ಬಾಲ್ ಪಂದ್ಯದಲ್ಲಿ ಸೋಡಾಬುಡ್ಡಿ ಕನ್ನಡಕ ಜಾರಿ ಬಿದ್ದಾಗ, ರೆಫ್ರಿ ಅರ್ನುಲ್ಫೋ ಮೈದಾನದ ಮೂಲೆಯ ಬಾವುಟದ ಕೋಲಿಗೆ ಹಳದಿ ಕಾರ್ಡು ತೋರಿಸಿ ಗದರಿಬಿಟ್ಟ. ಅವನು ಅರೆಗುರುಡನೆಂದು ಬರಾಂಕಿಯಾ ನಗರದ ಆ ಓಣಿಗೆ ಮೊದಲೇ ಅನುಮಾನವಿತ್ತು. ಈಗ ಖಾತ್ರಿಯಾಯಿತು. ಲೇಸರ್ ಚಿಕಿತ್ಸೆಗೆ ಬಗ್ಗದಷ್ಟು ಹೆಚ್ಚಿನ ನಂಬರಿನ ಕಣ್ಣು. ಆಪರೇಷನ್ ಮಾಡಿಸಿ ಕಣ್ಣೊಳಗೇ ಮಸೂರ ಕೂರಿಸಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದರು.

"ಡಾಕ್ಟರ್ ಫಾಬ್ರಿಸಿಯೋ ಹತ್ರ ಹೋಗು ತಮ್ಮಾ. ಎಂಥಾ ಹಲ್ಲು ಅವ್ರದು!" ಎಂದಳು ಪಕ್ಕದ ಕ್ಷೌರದಂಗಡಿಯ ನಿಲ್ಸಾ.

"ಹಲ್ಲಲ್ಲಿ ಆಪರೇಷನ್ ಮಾಡ್ತಾರೇನಕ್ಕಾ?"

"ಬಾಯಿ ಮುಚ್ಕೊಂಡು ನಡಿ, ನಾನೂ ಬರ್ತೀನಿ. ಆ ಬೆತ್ಸಾಬೆ ಡಾಕ್ಟ್ರು ಮಾತ್ರ ಬೇಡ. ಹೋದವರಲ್ಲಿ ಅರ್ಧ ಜನಾನ ವಾಪಸ್ ಕಳಿಸ್ತಾಳಂತೆ."

ಫಾಬ್ರಿಸಿಯೋ ಕಣ್ಣನ್ನು ನೋಡುವ ಮುನ್ನವೇ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. "ನಾಳೆ ಬನ್ನಿ. ಕಾಫಿ ಆರೋದ್ರೊಳಗೆ ಮುಗಿಸ್ತೀನಿ."

"ಅಳತೆ ಬೇಡ್ವಾ ಡಾಕ್ಟ್ರೇ? ಏನಾದ್ರೂ ಕೆಟ್ರೆ?" ಎಂದ ಅರ್ನುಲ್ಫೋ.

"ಒಳ್ಳೇದನ್ನೇ ಯೋಚಿಸ್ಬೇಕು," ಎಂದು ಡಾಕ್ಟರು ನಕ್ಕರು. ಹಲ್ಲುಗಳೇನೋ ನಿಜಕ್ಕೂ ಚೆನ್ನಾಗಿದ್ದವು. ಅರ್ನುಲ್ಫೋನ ಧೈರ್ಯ ಮಾತ್ರ ಬಿಸಿಲಿಗಿಟ್ಟ ಐಸ್‌ಕ್ರೀಮಿನಂತೆ ಕರಗಿಹೋಯಿತು. ನಿಲ್ಸಾ ಕೌಂಟರಿನ ಸಾಲಿನಲ್ಲಿ ನಿಂತದ್ದೇ ತಡ, ಅವನು ಹಿಂಬಾಗಿಲಿನಿಂದ ಜಾರಿ, ಬಸ್ಸು ಹತ್ತಿ, ನೇರ ಬೆತ್ಸಾಬೆಯವರಲ್ಲಿಗೆ ಬಂದ.

ಆಕೆ ಅವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಅಳೆದರು. ಹುಬ್ಬು ಗಂಟಿಕ್ಕಿ ಮತ್ತೆ ಅಳೆದರು.

"ನಾನು ಮಾಡಲ್ಲ."

"ಅಂದ್ರೆ?"

"ನಿಮ್ಮ ಕಣ್ಣೊಳಗೆ ಜಾಗ ಸಾಲ್ದು. ಮಸೂರ ತುರುಕಿದ್ರೆ ಒತ್ತಡ ಏರಿ ಕಣ್ಣೇ ಹೋಗ್ಬಹುದು. ಯಾರಾದ್ರೂ ಮಾಡ್ತೀನಿ ಅಂದ್ರೆ ಓಡಿಬಿಡಿ."

"ಓಡಿಯೇ ಬಂದೆ ತಾಯೀ!"

"ಕನ್ನಡಕ ಇದ್ರೆ ನಿಮ್ಮದು ಹದ್ದಿನ ಕಣ್ಣು. ಬೀಳದ ಹಾಗೆ ದಾರ ಕಟ್ಕೊಳ್ಳಿ, ಸಾಕು."

ಅರ್ನುಲ್ಫೋನ ಎದೆಯಿಂದ ಬಂಡೆ ಇಳಿದಂತಾಯಿತು. ದಾರಿಯಲ್ಲಿ ಮೊಟ್ಟೆ ತುಂಬಿ ಕರಿದ ಬಿಸಿಬಿಸಿ ಮೆಕ್ಕೆಜೋಳದ ರೊಟ್ಟಿ, ಅರೇಪ, ತಿಂದು, ಹಾಡು ಗುನುಗುತ್ತ ಓಣಿಗೆ ಬಂದ. ಕ್ಷೌರದಂಗಡಿಯ ಮುಂದೆ ಎಲ್ಲರೂ ಕಾಯುತ್ತಿದ್ದರು; ನಿಲ್ಸಾ ಕೆಂಡವಾಗಿದ್ದಳು.

"ಆಪರೇಷನ್ ಬೇಡ್ವಂತೆ ಅಕ್ಕಾ! ಕನ್ನಡಕ ಹಾಕ್ಕೊಂಡ್ರೆ ನನಗೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತಂತೆ! ಹದ್ದಿನ ಕಣ್ಣಂತೆ!"

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಿಲ್ಸಾ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಪಾಪ, ಕಾಣಲ್ಲ ಅಂತ ಇಷ್ಟು ವರ್ಷ ಸುಮ್ನಿದ್ವಲ್ಲೋ! ಹಾಗಾದ್ರೆ ಫೈನಲ್‌ನಲ್ಲಿ ನನ್ನ ಮಗ ಹೊಡೆದ ಗೋಲನ್ನ ನೀನು ಕಣ್ಣಾರೆ ನೋಡಿಯೂ ಗೋಲೇ ಅಲ್ಲ ಅಂದ್ಯಾ?"

ಅರ್ನುಲ್ಫೋಗೆ ಎಲ್ಲವೂ ಸ್ಪಷ್ಟವಾಗಿಯೇ ಕಂಡಿತು: ಒಬ್ಬೊಬ್ಬರಾಗಿ ಬಗ್ಗಿ ಚಪ್ಪಲಿ ಕಳಚುತ್ತಿದ್ದರು. ಎರಡೂ ಕೈಯಲ್ಲಿ ಕನ್ನಡಕ ಒತ್ತಿ ಹಿಡಿದು ಅವನು ಓಟ ಕಿತ್ತ. ಬೆನ್ನಿಗೆ ಏನು ಬಿದ್ದರೂ ಬೀಳಲಿ, ಕಣ್ಣು ಉಳಿಯಿತಲ್ಲ!